ಮನುಷ್ಯರ ಮೈಗೆ ಹೋಗುವ ಮೊದಲೇ ನೋಡಿ: ಔಷಧ ಮಹಾನಿಯಂತ್ರಕರಿಗೆ ದಾವಣಗೆರೆಯಿಂದ ಒಂದು ಬಹಿರಂಗ ಪತ್ರ

ಭಾರತದ ಔಷಧ ಮಹಾನಿಯಂತ್ರಕರಿಗೆ,
ಎಫ್‌ಡಿಎ ಭವನ, ಕೋಟ್ಲಾ ರಸ್ತೆ, ನವದೆಹಲಿ

ಮಾನ್ಯರೇ,

ನಾನು ದಾವಣಗೆರೆಯಲ್ಲಿ ಫಾರ್ಮಸಿ ಓದುವ ಮಕ್ಕಳಿಗೆ ಫಾರ್ಮಕಾಲಜಿ ಪಾಠ ಮಾಡುವ ಮೇಷ್ಟ್ರು. ನಿಮ್ಮನ್ನು ಕೇಳಬೇಕಾಗಿರುವುದು ಒಂದೇ ವಿಷಯ. ಹೊಸ ಔಷಧವೊಂದನ್ನು ಮೊದಲ ಸಲ ಮನುಷ್ಯರಿಗೆ ಕೊಟ್ಟು ನೋಡ್ತೀವಿ, ಅನುಮತಿ ಕೊಡಿ ಅಂತ ಯಾರಾದರೂ ನಿಮ್ಮ ಮುಂದೆ ಫೈಲ್ ಇಟ್ಟರೆ, ಆ ಔಷಧ ಬೇಡದ ಕಡೆ ಎಲ್ಲೆಲ್ಲಿ ಹೋಗಿ ಅಂಟಿಕೊಳ್ಳುತ್ತೆ ಅನ್ನೋ ಪರೀಕ್ಷೆಯ ಫಲಿತಾಂಶ ಆ ಫೈಲಿನಲ್ಲಿ ಇರಲೇಬೇಕು ಅಂತ ಕಡ್ಡಾಯ ಮಾಡಿ. ಆ ಪರೀಕ್ಷೆ ಮಾಡಿಸೋಕೆ ದುಡ್ಡಿಲ್ಲದವರಿಗೆ ಸರ್ಕಾರದ್ದೇ ಒಂದು ಲ್ಯಾಬ್ ಇರಲಿ.

ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಕಚೇರಿಯಲ್ಲಿ ಯಾರಾದರೂ ಅನುವಾದ ಮಾಡಿಕೊಡಬಹುದು. ಆದರೆ ಮಾತ್ರೆ ನುಂಗುವ ನಮ್ಮ ಜನಕ್ಕೂ ಇದು ಅರ್ಥ ಆಗಬೇಕು, ಅವರೂ ನಿಮ್ಮನ್ನು ಕೇಳಬೇಕು.

ಮೊದಲು ಒಂದು ಮಾತು ಸ್ಪಷ್ಟ ಇರಲಿ. ನಾನು ಹೇಳ್ತಿರೋದು ಕಲಬೆರಕೆ ಔಷಧದ ವಿಷಯ ಅಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದು ಪುಟ್ಟ ಮಕ್ಕಳು ಸತ್ತರಲ್ಲ, ಅದು ಸಿರಪ್ಪಿಗೆ ಸೇರಬಾರದ ವಿಷ ಸೇರಿ ಆದ ಅನಾಹುತ. ಅದರ ಬಗ್ಗೆ ಎಷ್ಟು ಸಿಟ್ಟು ಬಂದರೂ ಕಮ್ಮಿಯೇ. ನನ್ನ ಪತ್ರ ಬೇರೆ ಅಪಾಯದ ಬಗ್ಗೆ. ಔಷಧ ಶುದ್ಧವಾಗಿಯೇ ಇದೆ, ಅಳತೆ ಸರಿಯಾಗಿದೆ, ಯಾರೂ ಮೋಸ ಮಾಡಿಲ್ಲ, ಆದರೂ ಅದು ಮೈಯೊಳಗೆ ಹೋಗಿ ಮಾಡಬಾರದ ಕೆಲಸ ಮಾಡುತ್ತೆ. ಈ ಅಪಾಯ ಕಣ್ಣಿಗೆ ಕಾಣಲ್ಲ, ಹಾಗಾಗಿ ಇದರ ಬಗ್ಗೆ ಮಾತಾಡುವವರೂ ಕಮ್ಮಿ.

ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಸಕ್ಕರೆ ಕಾಯಿಲೆ, ಅಂಗಾಲು ಉರಿ. ಡಾಕ್ಟರು ರಾತ್ರಿ ಹೊತ್ತು ತಗೊಳ್ಳೋಕೆ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಬರೆದರು. ತಪ್ಪೇನಿಲ್ಲ, ನರದ ಉರಿಗೆ ಅದು ಒಳ್ಳೆ ಮಾತ್ರೆ, ಅಗ್ಗ ಕೂಡ. ಸ್ವಲ್ಪ ದಿನ ಬಿಟ್ಟು ಸಿಕ್ಕಾಗ ಅಜ್ಜಿ ಹೇಳಿದ್ದು: "ಮೇಷ್ಟ್ರೇ, ಉರಿ ಏನೋ ಕಮ್ಮಿ ಆಗೈತಿ, ಆದ್ರೆ ಬಾಯೆಲ್ಲ ಒಣಗ್ತೈತಿ, ಎದ್ ನಿಂತ್ರೆ ತಲಿ ಗಿರ್ ಅಂತೈತಿ." ಮಲಬದ್ಧತೆಯೂ ಇತ್ತು, ಬೆಳಿಗ್ಗೆ ಎಷ್ಟು ಹೊತ್ತಾದರೂ ನಿದ್ದೆಯ ಮಂಪರು ಬಿಡ್ತಿರಲಿಲ್ಲ. ಅಜ್ಜಿ ಇದನ್ನೆಲ್ಲ ವಯಸ್ಸಿನ ಲೆಕ್ಕಕ್ಕೆ ಹಾಕಿದ್ದರು. ಹಾಗಲ್ಲ. ಆ ಮಾತ್ರೆ ನರದ ಕೆಲಸದ ಜೊತೆಗೆ ಮಸ್ಕರಿನಿಕ್ ರಿಸೆಪ್ಟರಿಗೂ (ರಿಸೆಪ್ಟರ್ ಅಂದರೆ ಮೈಯ ಸಂದೇಶಗಳನ್ನು ಹಿಡಿಯೋಕೆ ಕೋಶದ ಮೇಲಿರುವ ಜಾಗ) ಅಂಟಿಕೊಳ್ಳುತ್ತೆ, ಅದಕ್ಕೇ ಬಾಯಿ ಒಣಗೋದು, ಹೊಟ್ಟೆ ಕಟ್ಟೋದು. ಹಿಸ್ಟಮಿನ್ ರಿಸೆಪ್ಟರಿಗೆ ಅಂಟಿಕೊಳ್ಳೋದರಿಂದ ಮಂಪರು. ರಕ್ತನಾಳದ ಮೇಲಿರುವ ಆಲ್ಫಾ-1 ರಿಸೆಪ್ಟರನ್ನು ತಡೆಯೋದರಿಂದ ಎದ್ದು ನಿಂತಾಗ ಬಿಪಿ ದಬಕ್ಕನೆ ಇಳಿದು ತಲೆ ಸುತ್ತು. ಇದು 1960ರ ದಶಕದ ಆರಂಭದ ಮಾತ್ರೆ. ಇದರ ಅಡ್ಡ ಕೆಲಸಗಳನ್ನು ನಾವು ಕಲಿತದ್ದು ನುಂಗಿದವರ ಮೈ ನೋಡಿ. ಅಜ್ಜಿಗೆ ಡಾಕ್ಟರ ಹತ್ತಿರ ಮತ್ತೆ ಹೋಗಿ ಹೇಳಿ ಅಂದೆ, ಹೋದರು, ಮಾತ್ರೆ ಬದಲಾಯಿತು. ಎದ್ದು ನಿಂತಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯರು ಇದೇ ಊರಿನಲ್ಲಿ ಎಷ್ಟು ಮಂದಿ ಇದ್ದಾರೋ.

ಅಮಿಟ್ರಿಪ್ಟಿಲಿನ್ ಒಂದರದ್ದೇ ಕಥೆ ಅಲ್ಲ ಇದು. ನಮ್ಮ ಕಡೆ ಮೆಕ್ಕೆಜೋಳದ ಹೊಲಕ್ಕೆ 2,4-ಡಿ ಕಳೆನಾಶಕ ಹೊಡೆದಾಗ ಗಾಳಿ ತಿರುಗಿದರೆ ಪಕ್ಕದವರ ಹತ್ತಿ ಮುರುಟಿಕೊಳ್ಳುತ್ತೆ. ಮೈಯೊಳಗೂ ಹಾಗೆಯೇ. ಅದಕ್ಕೆ ಹೊಡೆಯುವ ಮುಂಚೆಯೇ ಪಕ್ಕದಲ್ಲಿ ಏನು ಬೆಳೆ ಇದೆ ಅಂತ ನೋಡಬೇಕು ಅನ್ನೋದು ನನ್ನ ವಾದ. ಔಷಧದ ವಿಷಯದಲ್ಲಿ ಪಕ್ಕದಲ್ಲಿ ಏನೇನಿದೆ ಅಂತ ಈಗ ನಮಗೆ ಸಾಕಷ್ಟು ಗೊತ್ತು.

ಗೊತ್ತಾದದ್ದು ಹೇಗೆ ಅನ್ನೋದನ್ನೂ ಹೇಳಬೇಕು. ಟರ್ಫೆನಡಿನ್ ಅನ್ನೋ ಅಲರ್ಜಿ ಮಾತ್ರೆ 1985ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ನಿದ್ದೆ ಬರಲ್ಲ ಅಂತ ಜನ ಅದನ್ನು ಬಲು ಇಷ್ಟಪಟ್ಟರು. ನುಂಗಿದ ಮಾತ್ರೆಯನ್ನು ಲಿವರ್ ಬೇಗ ಬೇರೆ ರೂಪಕ್ಕೆ ಬದಲಾಯಿಸ್ತಿತ್ತು, ಹಾಗಾಗಿ ಜಾಸ್ತಿ ಜನಕ್ಕೆ ಏನೂ ಆಗ್ತಿರಲಿಲ್ಲ. ಆದರೆ ಅದರ ಜೊತೆ ಕೀಟೊಕೊನಜೋಲ್ ಅಥವಾ ಎರಿತ್ರೊಮೈಸಿನ್ ತಗೊಂಡವರಲ್ಲಿ ಲಿವರಿನ ಆ ಕೆಲಸ ನಿಂತು, ಮೂಲ ಔಷಧವೇ ರಕ್ತದಲ್ಲಿ ಏರಿ, ಹೃದಯದ ಬಡಿತ ತಾಳ ತಪ್ಪಿ ಕೆಲವರು ಸತ್ತೇ ಹೋದರು. ಹೃದಯದ ಕೋಶಗಳಲ್ಲಿ ಹರ್ಗ್ ಅಂತ ಒಂದು ಪೊಟ್ಯಾಸಿಯಂ ಚಾನೆಲ್ ಇದೆ. ಪ್ರತಿ ಬಡಿತದ ನಂತರ ಕೋಶ ಮತ್ತೆ ಮೊದಲ ಸ್ಥಿತಿಗೆ ಬರಬೇಕಾದರೆ ಅದರ ಮೂಲಕ ಪೊಟ್ಯಾಸಿಯಂ ಹೊರಗೆ ಹರಿಯಬೇಕು. ಟರ್ಫೆನಡಿನ್ ಅದನ್ನು ಮುಚ್ಚುತ್ತೆ. ಮುಚ್ಚಿದರೆ ಇಸಿಜಿಯಲ್ಲಿ ಕ್ಯೂಟಿ ಅನ್ನೋ ಅಂತರ ಉದ್ದವಾಗುತ್ತೆ, ಉದ್ದವಾದಷ್ಟೂ ಪ್ರಾಣಕ್ಕೆ ಸಂಚಕಾರ. ಹರ್ಗ್‌ಗೂ ಹೀಗೆ ಕ್ಯೂಟಿ ಉದ್ದವಾಗುವ ಕಾಯಿಲೆಗೂ ಇರುವ ನಂಟು ವಿಜ್ಞಾನಿಗಳಿಗೆ ಖಚಿತವಾದದ್ದು 1995ರಲ್ಲಿ. 1998ರ ಹೊತ್ತಿಗೆ ಟರ್ಫೆನಡಿನ್ ಅಮೆರಿಕದ ಅಂಗಡಿಗಳಿಂದ ಹೋಯಿತು. ಲಿವರ್ ಅದನ್ನು ಬದಲಾಯಿಸಿ ಮಾಡ್ತಿದ್ದ ವಸ್ತುವೇ ಫೆಕ್ಸೊಫೆನಡಿನ್. ಅದು ಆ ಚಾನೆಲನ್ನು ಆ ಥರ ಮುಚ್ಚಲ್ಲ. ಕಾಂಗ್ರೆಸ್ ಗಿಡದ ಅಲರ್ಜಿಗೂ ಧೂಳಿಗೂ ದಾವಣಗೆರೆಯ ಯಾವ ಮೆಡಿಕಲ್ ಶಾಪಿಗೆ ಹೋದರೂ ಇವತ್ತು ಸಿಗೋದು ಅದೇ.

ಅಂದರೆ 1985ರಲ್ಲಿ ಆ ಮಾತ್ರೆ ತಂದವರಿಗೆ ಹರ್ಗ್ ಅನ್ನೋದು ಗೊತ್ತೇ ಇರಲಿಲ್ಲ. ಅವರನ್ನು ಬೈದು ಪ್ರಯೋಜನ ಇಲ್ಲ. ಆದರೆ ಈಗ ಗೊತ್ತು. ಗೊತ್ತಿದ್ದೂ ನೋಡದೆ ಬಿಟ್ಟರೆ ಅದನ್ನು ಏನಂತ ಕರೀಬೇಕು?

ಇನ್ನೊಂದು ಹೇಳ್ತೀನಿ. ಫೆನ್‌ಫ್ಲುರಮಿನ್ ಅಂತ ತೂಕ ಇಳಿಸುವ ಮಾತ್ರೆ ಇತ್ತು. ತಗೊಂಡವರಲ್ಲಿ ಹೃದಯದ ಕವಾಟ ದಪ್ಪಗಾಗಿ ಸರಿಯಾಗಿ ಮುಚ್ಚದೆ ಹೋದದ್ದು ಕಂಡುಬಂದು 1997ರಲ್ಲಿ ವಾಪಸ್ ತಗೊಂಡರು. 2000ದಲ್ಲಿ ಕಾರಣ ಸಿಕ್ಕಿತು. ಮೈಯೊಳಗೆ ಅದರಿಂದ ಹುಟ್ಟುವ ವಸ್ತು ಕವಾಟದ ಮೇಲಿರುವ 5-ಎಚ್‌ಟಿ2ಬಿ ಅನ್ನೋ ರಿಸೆಪ್ಟರನ್ನು ಕೆರಳಿಸ್ತಿತ್ತು. ಪಾರ್ಕಿನ್ಸನ್ ಕಾಯಿಲೆಗೆ ಕೊಡ್ತಿದ್ದ ಪರ್ಗೊಲೈಡ್‌ನಲ್ಲೂ ಅದೇ ತೊಂದರೆ, ಅದು ಅಮೆರಿಕದ ಮಾರುಕಟ್ಟೆಯಿಂದ ಹೋದದ್ದು 2007ರಲ್ಲಿ. ಈಗ ಯಾವ ದೊಡ್ಡ ಕಂಪನಿಯೂ ಈ ರಿಸೆಪ್ಟರಿನ ಪರೀಕ್ಷೆ ಮಾಡದೆ ಹೊಸ ಔಷಧವನ್ನು ಮುಂದಕ್ಕೆ ಬಿಡಲ್ಲ. ಇಂಥ ಪಟ್ಟಿಯಲ್ಲಿರುವ ಎಷ್ಟೋ ಹೆಸರುಗಳ ಹಿಂದೆ ಯಾರದ್ದೋ ಹೃದಯ, ಯಾರದ್ದೋ ಲಿವರ್ ಇದೆ.

ಪಟ್ಟಿ ಅಂದೆ. ಅದು ನಾನು ಮಾಡಿದ್ದಲ್ಲ. 2012ರಲ್ಲಿ ಆಸ್ಟ್ರಾಜೆನೆಕಾ, ಜಿಎಸ್‌ಕೆ, ನೊವಾರ್ಟಿಸ್, ಫೈಜರ್ ಈ ನಾಲ್ಕೂ ಕಂಪನಿಯವರು ಒಟ್ಟಿಗೆ ಕೂತು, ಹೊಸ ಔಷಧವನ್ನು ಕನಿಷ್ಠ ಈ 44 ಗುರಿಗಳ (ಅಂದರೆ ಔಷಧ ಹೋಗಿ ಅಂಟಬಹುದಾದ ರಿಸೆಪ್ಟರ್, ಚಾನೆಲ್, ಕಿಣ್ವಗಳ) ಮೇಲೆ ಮೊದಲೇ ಪರೀಕ್ಷಿಸಿ ಅಂತ ಪ್ರಕಟಿಸಿದರು. ಪೈಪೋಟಿಯಲ್ಲಿರುವ ಕಂಪನಿಗಳು ತಮ್ಮ ತಮ್ಮ ಲ್ಯಾಬಿನ ಅನುಭವ ಸೇರಿಸಿ ಹೀಗೆ ಬಹಿರಂಗವಾಗಿ ಹೇಳೋದು ಅಪರೂಪ. ಹರ್ಗ್ ಇದೆ, 5-ಎಚ್‌ಟಿ2ಬಿ ಇದೆ, ನಮ್ಮ ಅಜ್ಜಿಯನ್ನು ಕಾಡಿದ ಮಸ್ಕರಿನಿಕ್, ಹಿಸ್ಟಮಿನ್, ಆಲ್ಫಾ-1 ರಿಸೆಪ್ಟರುಗಳೂ ಅದರಲ್ಲಿವೆ.

ಪರೀಕ್ಷೆ ಹೇಗೆ ಅಂದರೆ, ಸಣ್ಣ ಸಣ್ಣ ಗುಳಿಗಳಿರುವ ಒಂದು ಪ್ಲಾಸ್ಟಿಕ್ ತಟ್ಟೆ, ಅಂಗೈ ಅಗಲದ್ದು, 96 ಗುಳಿ ಅಥವಾ 384 ಗುಳಿ. ಗುಳಿಯಲ್ಲಿ ಆ ರಿಸೆಪ್ಟರ್ ಇರುವ ಕೋಶದ ಪೊರೆ ಹಾಕ್ತಾರೆ. ಅದಕ್ಕೆ ಅಂಟಿಕೊಳ್ಳುವ, ಗುರುತು ಹಚ್ಚಿದ ಒಂದು ವಸ್ತು ಹಾಕ್ತಾರೆ. ಆಮೇಲೆ ನಮ್ಮ ಹೊಸ ಔಷಧ, ಸಾಮಾನ್ಯವಾಗಿ 10 ಮೈಕ್ರೊಮೋಲಾರ್‌ನಷ್ಟು ತೆಳು ದ್ರಾವಣ. ಗುರುತಿನ ವಸ್ತುವನ್ನು ನಮ್ಮ ಔಷಧ ಅರ್ಧಕ್ಕಿಂತ ಜಾಸ್ತಿ ಕಿತ್ತು ಹಾಕಿದರೆ, ಅಲ್ಲಿ ಏನೋ ಇದೆ ಅಂತ ಲೆಕ್ಕ. ಆಗ ಪ್ರಮಾಣ ಇಳಿಸುತ್ತಾ ಹೋಗಿ ಎಷ್ಟು ಔಷಧಕ್ಕೆ ಎಷ್ಟು ಪರಿಣಾಮ ಅಂತ ಅಳೀತಾರೆ. ಹರ್ಗ್‌ಗೆ ಬೇರೆ ವಿಧಾನ. ಮನುಷ್ಯರ ಹರ್ಗ್ ಜೀನ್ ಸೇರಿಸಿ ಬೆಳೆಸಿದ ಕೋಶಕ್ಕೆ ಕೂದಲಿಗಿಂತ ಸಣ್ಣ ಮೂತಿಯ ಗಾಜಿನ ಕೊಳವೆ ತಾಗಿಸಿ, ಚಾನೆಲಿನಲ್ಲಿ ಹರಿಯುವ ಕರೆಂಟನ್ನೇ ಅಳೀತಾರೆ. ಔಷಧ ಹಾಕಿದಾಗ ಪರದೆಯ ಮೇಲಿನ ಗೆರೆ ಕುಗ್ಗಿದರೆ ಚಾನೆಲ್ ಮುಚ್ಚಿತು ಅಂತ. ಈಗ ಇದನ್ನು ಯಂತ್ರಗಳೇ ಮಾಡ್ತವೆ. ಔಷಧ ಬೇಕಾಗೋದು ಕೆಲವೇ ಮಿಲಿಗ್ರಾಂ. ಇಲಿ ಬೇಡ, ನಾಯಿ ಬೇಡ, ಮನುಷ್ಯರಂತೂ ಬೇಡವೇ ಬೇಡ. ಮನುಷ್ಯರ ಮೇಲಿನ ಮೊದಲ ಹಂತದ ಪ್ರಯೋಗದ ಖರ್ಚಿನ ಮುಂದೆ ಇದರ ಖರ್ಚು ಏನೇನೂ ಅಲ್ಲ.

ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿಯೇ ಮಾಡ್ತಾರಲ್ಲ, ಸಾಲದಾ ಅಂತ ಕೇಳುವವರು ಇರ್ತಾರೆ. ಫ್ರಾನ್ಸಿನ ರೆನ್ ಊರಿನಲ್ಲಿ 2016ರ ಜನವರಿಯಲ್ಲಿ ಏನಾಯ್ತು ನೋಡಿ. ಬಿಐಎ 10-2474 ಅಂತ ಒಂದು ಹೊಸ ಔಷಧ. ಇಲಿ, ನಾಯಿ, ಮಂಗ ಎಲ್ಲದರ ಮೇಲೂ ಪರೀಕ್ಷೆ ಆಗಿತ್ತು. ಆರೋಗ್ಯವಾಗಿದ್ದ ಸ್ವಯಂಸೇವಕರಿಗೆ ಸ್ವಲ್ಪ ಸ್ವಲ್ಪವಾಗಿ ಪ್ರಮಾಣ ಏರಿಸುತ್ತಾ ಕೊಟ್ಟರು. ಹೆಚ್ಚಿನ ಪ್ರಮಾಣವನ್ನು ದಿನಾ ತಗೊಂಡ ಗುಂಪಿನ ಆರು ಮಂದಿ ಆಸ್ಪತ್ರೆ ಸೇರಿದರು. ಒಬ್ಬರು ಸತ್ತರು. ಇನ್ನು ಕೆಲವರ ಮಿದುಳಿಗೆ ಪೆಟ್ಟು ಬಿತ್ತು. ಕಾಯಿಲೆ ಇದ್ದು ಔಷಧಕ್ಕೆ ಆಸೆಪಟ್ಟು ಬಂದವರಲ್ಲ ಅವರು, ಗಟ್ಟಿಮುಟ್ಟಾಗಿದ್ದವರು. ಮುಂದಿನ ವರ್ಷ, 2017ರಲ್ಲಿ, ನೆದರ್‌ಲ್ಯಾಂಡ್ಸಿನ ವಿಜ್ಞಾನಿಗಳ ನೇತೃತ್ವದ ತಂಡ ಮನುಷ್ಯರ ಕೋಶಗಳ ಮೇಲೆ ಆ ಔಷಧವನ್ನು ಹಾಕಿ ನೋಡಿತು. ಎಫ್‌ಎಎಎಚ್ ಅನ್ನೋ ಒಂದು ಕಿಣ್ವವನ್ನು ಮಾತ್ರ ತಡೀಬೇಕಿದ್ದ ಔಷಧ, ನರಕೋಶದ ಇನ್ನೂ ಹಲವು ಲೈಪೇಸ್ (ಕೊಬ್ಬು ಒಡೆಯುವ) ಕಿಣ್ವಗಳನ್ನೂ ತಡೀತಿತ್ತು. ಅದೇ ಗುರಿಗೆ ಬೇರೆ ಕಂಪನಿ ಮಾಡಿದ್ದ, ಮನುಷ್ಯರಲ್ಲಿ ತೊಂದರೆ ಕೊಡದ ಔಷಧ ಹಾಗೆ ಮಾಡ್ತಿರಲಿಲ್ಲ. ಸಾವಿಗೆ ಇದೊಂದೇ ಕಾರಣ ಅಂತ ವಿಜ್ಞಾನಿಗಳು ಖಡಾಖಂಡಿತ ಹೇಳಿಲ್ಲ, ನಾನೂ ಹೇಳಲ್ಲ. ಆದರೆ ಆ ಪರೀಕ್ಷೆಯನ್ನು ಸಾವಿನ ಮೊದಲೇ ಮಾಡಬಹುದಿತ್ತಲ್ಲ. ಇದನ್ನು ತರಗತಿಯಲ್ಲಿ ಹೇಳುವಾಗ ಪ್ರತಿ ವರ್ಷವೂ ನನ್ನ ಗಂಟಲು ಕಟ್ಟುತ್ತೆ.

ಈಗ ನಮ್ಮ ದೇಶದ ಕಥೆಗೆ ಬರೋಣ. ಭಾರತದಲ್ಲೇ ಕಂಡುಹಿಡಿದ ಔಷಧವಾದರೆ ಮೊದಲ ಹಂತದಿಂದಲೇ ಪ್ರಯೋಗ ಇಲ್ಲೇ ಆಗಬೇಕು. ಅಂದರೆ ಮೊದಲು ನುಂಗುವವರು ನಮ್ಮವರೇ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ ಹೃದಯ, ಉಸಿರಾಟ, ಮಿದುಳು ಈ ಮೂರರ ಮೇಲಿನ ಸುರಕ್ಷತಾ ಪರೀಕ್ಷೆ ಇದೆ, ಪ್ರಾಣಿಗಳ ಮೇಲಿನ ವಿಷ ಪರೀಕ್ಷೆ ಇದೆ, ತೊಂದರೆಯಾದರೆ ಪರಿಹಾರವೂ ಇದೆ. ಒಳ್ಳೆಯದೇ. ಆದರೆ ಇಂತಿಷ್ಟು ಗುರಿಗಳ ಮೇಲೆ ಪರೀಕ್ಷೆ ಮಾಡಿ ತನ್ನಿ ಅನ್ನೋ ಪಟ್ಟಿ ಇಲ್ಲ. ಅಮೆರಿಕ, ಯುರೋಪಿನಲ್ಲೂ ಅಂಥ ಕಡ್ಡಾಯ ಪಟ್ಟಿ ಇಲ್ಲ, ಅಲ್ಲಿ ಕಂಪನಿಗಳೇ ತಮ್ಮ ನಷ್ಟದ ಭಯಕ್ಕೆ ಮಾಡಿಕೊಳ್ತವೆ. ಅವರಲ್ಲಿಲ್ಲ ಅಂತ ನಾವೂ ಸುಮ್ನೆ ಕೂರಬೇಕಾ? ಪರಿಹಾರ ಕೊಡೋದು ಸತ್ತ ಮೇಲೆ, ಪಟ್ಟಿ ಕೇಳೋದು ಸಾಯುವ ಮೊದಲು. ನೀವು ಯಾವುದಕ್ಕೆ ಹೆಚ್ಚು ಮಹತ್ವ ಕೊಡ್ತೀರಿ ಅಂತ ನೇರವಾಗಿಯೇ ಕೇಳ್ತಿದ್ದೇನೆ.

ದೊಡ್ಡ ಕಂಪನಿಗಳ ಚಿಂತೆ ನನಗಿಲ್ಲ, ಅವರು ಹೇಗೂ ಮಾಡಿಸ್ತಾರೆ. ನನ್ನ ಚಿಂತೆ ಸಣ್ಣ ಕಂಪನಿಗಳು ಮತ್ತು ನಮ್ಮಂಥ ಕಾಲೇಜುಗಳು. ದಾವಣಗೆರೆ, ಚಿತ್ರದುರ್ಗದ ಫಾರ್ಮಸಿ ಕಾಲೇಜುಗಳ ಗ್ರಂಥಾಲಯಕ್ಕೆ ಬನ್ನಿ, ಎಂ.ಫಾರ್ಮ್ ಪ್ರಬಂಧಗಳ ಕಪಾಟು ತೋರಿಸ್ತೀನಿ. ಯಾವುದೋ ಎಲೆಯ ಸಾರ, ಅಲೋಕ್ಸಾನ್ ಕೊಟ್ಟು ಸಕ್ಕರೆ ಕಾಯಿಲೆ ಬರಿಸಿದ ಇಲಿಗಳು, ಇಷ್ಟು ದಿನಕ್ಕೆ ಇಷ್ಟು ಸಕ್ಕರೆ ಇಳಿಯಿತು ಅನ್ನೋ ಟೇಬಲ್. ಇಲ್ಲವೇ ಹೊಸದಾಗಿ ತಯಾರಿಸಿದ ಹತ್ತಾರು ಸಂಯುಕ್ತಗಳು ಮತ್ತು ಕಂಪ್ಯೂಟರಿನಲ್ಲಿ ಮಾಡಿದ ಡಾಕಿಂಗ್ (ಸಂಯುಕ್ತ ಗುರಿಗೆ ಹೇಗೆ ಕೂರುತ್ತೆ ಅನ್ನೋ ಲೆಕ್ಕದ) ಚಿತ್ರ. ಮಕ್ಕಳು ನಿಯತ್ತಿನಿಂದ ದುಡಿದಿರ್ತಾರೆ. ಆದರೆ ಎಲ್ಲರೂ ನೋಡೋದು ಬೇಕಾದ ಗುರಿಗೆ ಎಷ್ಟು ಚೆನ್ನಾಗಿ ಕೂರುತ್ತೆ ಅನ್ನೋದನ್ನು. ಬೇಡದ ಗುರಿಗೆ ಕೂರುತ್ತಾ ಅಂತ ನೋಡಿದ ಪ್ರಬಂಧ ಹುಡುಕಿದರೂ ಸಿಗೋದು ಕಷ್ಟ. ಇದು ಮಕ್ಕಳ ತಪ್ಪಲ್ಲ. ಹರ್ಗ್ ಪರೀಕ್ಷೆಗೆ ಬೇಕಾದ ಯಂತ್ರ ನಮ್ಮಲ್ಲಿಲ್ಲ, ಹೊರದೇಶದ ಲ್ಯಾಬಿಗೆ ಕಳಿಸಿದರೆ ಬಿಲ್ ಡಾಲರಿನಲ್ಲಿ ಬರುತ್ತೆ. ಹೋದ ಸಲ ಒಬ್ಬ ಹುಡುಗಿ ತನ್ನ ಸಂಯುಕ್ತವನ್ನು ಪರೀಕ್ಷೆ ಮಾಡಿಸೋಣ ಸಾರ್ ಅಂತ ಬಂದಳು, ಕೊಟೇಶನ್ ನೋಡಿ ಏನೂ ಮಾತಾಡದೆ ವಾಪಸ್ ಹೋದಳು. ಕಲಿಯುವ ಮಕ್ಕಳಿಗೆ ಅಡ್ಡ ಪರಿಣಾಮವನ್ನು ಕೊನೆಗೆ ನೋಡಿದರಾಯ್ತು ಅನ್ನೋ ಅಭ್ಯಾಸ ಬೀಳೋದು ಹೀಗೆ. ಅದೇ ಮಕ್ಕಳು ನಾಳೆ ಕಂಪನಿಗಳಲ್ಲಿ ಔಷಧ ಮಾಡ್ತಾರೆ, ನಿಮ್ಮ ಕಚೇರಿಯಲ್ಲಿ ಫೈಲ್ ನೋಡ್ತಾರೆ.

ದುಡ್ಡು ಇಲ್ಲ ಅನ್ನಬೇಡಿ. 2023ರಲ್ಲಿ ಕೇಂದ್ರದ ಔಷಧ ಇಲಾಖೆ ಸಂಶೋಧನೆಗೆ ಅಂತಲೇ 5,000 ಕೋಟಿ ರೂಪಾಯಿಯ ಪಿಆರ್‌ಐಪಿ ಯೋಜನೆ ತಂತು, ನೈಪರ್ ಅನ್ನೋ ಕೇಂದ್ರದ ಫಾರ್ಮಸಿ ಸಂಸ್ಥೆಗಳಲ್ಲಿ ಉತ್ಕೃಷ್ಟತಾ ಕೇಂದ್ರಗಳನ್ನು ಮಾಡೋಕೆ 700 ಕೋಟಿ ಇಟ್ಟಿತು. ಆ ಇಲಾಖೆ ನಿಮ್ಮ ಕೈಕೆಳಗೆ ಬರಲ್ಲ ಅಂತ ಗೊತ್ತು. ಆದರೆ ಮಹಾನಿಯಂತ್ರಕರು ಒಂದು ಪತ್ರ ಬರೆದರೆ ಅದಕ್ಕಿರುವ ತೂಕ ಮೇಷ್ಟ್ರ ಪತ್ರಕ್ಕೆ ಇರಲ್ಲ. ಜಾಗವೂ ಇದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಐಐಎಸ್‌ಸಿಗೆ 1,500 ಎಕರೆ ಕೊಟ್ಟಿದ್ದಾರೆ, ತಲೆತಲಾಂತರದಿಂದ ದನ ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲು ಅದು. ಊರಿನವರು ಅಷ್ಟು ನೆಲ ಬಿಟ್ಟುಕೊಟ್ಟ ಮೇಲೆ, ಅದರ ಒಂದು ಮೂಲೆಯಲ್ಲಿ ದೇಶದ ಯಾವ ಕಾಲೇಜಿನವರೂ ಸಣ್ಣ ಶುಲ್ಕ ಕಟ್ಟಿ ತಮ್ಮ ಸಂಯುಕ್ತ ಕಳಿಸಬಹುದಾದ ಒಂದು ಪರೀಕ್ಷಾ ಲ್ಯಾಬ್ ಬರಲಿ ಅಂತ ಕೇಳೋದು ದುರಾಸೆ ಅಲ್ಲ. ಹೈದರಾಬಾದಿನಲ್ಲೋ ಮೊಹಾಲಿಯಲ್ಲೋ ಮಾಡ್ತೀವಿ ಅಂದರೂ ಸರಿ, ನನಗೆ ಹಟ ಇಲ್ಲ. ಎಲ್ಲಿಯಾದರೂ ಮಾಡಿ.

ಈ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಔಷಧವನ್ನೆಲ್ಲ ಎಸೆದುಬಿಡಿ ಅಂತ ನಾನು ಹೇಳ್ತಿಲ್ಲ, ಇದನ್ನು ಒತ್ತಿ ಹೇಳ್ತೀನಿ. ಬಿಪಿಗೆ ಕೊಡುವ ವೆರಾಪಮಿಲ್ ಕೂಡ ಹರ್ಗ್ ಮುಚ್ಚುತ್ತೆ. ಆದರೆ ಅದು ಕ್ಯಾಲ್ಸಿಯಂ ಚಾನೆಲನ್ನೂ ತಡೆಯೋದರಿಂದ ಟರ್ಫೆನಡಿನ್ ಥರದ ಅಪಾಯ ಬರಲ್ಲ. ಕವಾಟ ಕೆಡಿಸಿದ ಫೆನ್‌ಫ್ಲುರಮಿನ್ 2020ರಲ್ಲಿ ಅಮೆರಿಕದಲ್ಲಿ ಕಡಿಮೆ ಪ್ರಮಾಣದಲ್ಲಿ, ಹೃದಯದ ಸ್ಕ್ಯಾನಿನ ನಿಗಾ ಇಟ್ಟು, ಮಕ್ಕಳ ಒಂದು ಕಠಿಣ ಫಿಟ್ಸ್ ಕಾಯಿಲೆಗೆ ಮತ್ತೆ ಬಂತು. ಎಲ್ಲಿ ಅಪಾಯ ಅಂತ ಗೊತ್ತಿದ್ದರಿಂದಲೇ ಹೀಗೆ ಹುಷಾರಾಗಿ ಬಳಸೋಕೆ ಆಯ್ತು. ರಕ್ತದಲ್ಲಿ ಏರುವ ಔಷಧದ ಮಟ್ಟಕ್ಕೂ ಹರ್ಗ್ ಮುಚ್ಚಲು ಬೇಕಾದ ಮಟ್ಟಕ್ಕೂ 30 ಪಟ್ಟು ಅಂತರ ಇರಲಿ ಅನ್ನೋ ಲೆಕ್ಕ 2003ರಿಂದಲೂ ಬಳಕೆಯಲ್ಲಿದೆ. ಅಂತರ ಕಮ್ಮಿ ಇದ್ದರೆ ಇಸಿಜಿ ಜಾಸ್ತಿ ಸಲ ತೆಗೀರಿ, ಪ್ರಮಾಣ ನಿಧಾನಕ್ಕೆ ಏರಿಸಿ, ಯಾವ ಮಾತ್ರೆ ಜೊತೆ ಕೊಡಬಾರದು ಅಂತ ಮೊದಲೇ ಬರೆಯಿರಿ. ಫೈಲಿನಲ್ಲಿ ಫಲಿತಾಂಶ ಇದ್ದರೆ ತಾನೇ ಇದೆಲ್ಲ ಆಗೋದು?

ಈ ಪರೀಕ್ಷೆ ಎಲ್ಲವನ್ನೂ ಹಿಡಿಯಲ್ಲ ಅನ್ನೋದೂ ನಿಜ. 1993ರಲ್ಲಿ ಅಮೆರಿಕದಲ್ಲಿ ಹೆಪಟೈಟಿಸ್ ಬಿಗೆ ಫಿಯಾಲುರಿಡಿನ್ ಪ್ರಯೋಗ ಮಾಡಿದಾಗ 15 ಜನರಲ್ಲಿ 5 ಜನ ಸತ್ತರು, ಪ್ರಾಣಿಗಳಲ್ಲಿ ಆ ಸೂಚನೆಯೇ ಸಿಕ್ಕಿರಲಿಲ್ಲ, 44 ಗುರಿಗಳ ತಟ್ಟೆಯಲ್ಲೂ ಬಹುಶಃ ಸಿಗ್ತಿರಲಿಲ್ಲ. ಲಂಡನ್ನಿನಲ್ಲಿ 2006ರಲ್ಲಿ ಟಿಜಿಎನ್1412 ಅನ್ನೋ ಹೊಸ ಔಷಧ ಕೊಟ್ಟ ಆರು ಜನ ಸಾವಿನ ಅಂಚಿಗೆ ಹೋದರಲ್ಲ, ಅಲ್ಲಿ ಔಷಧ ಸರಿಯಾದ ಗುರಿಗೇ ತಾಗಿತ್ತು, ಆ ಗುರಿಯೇ ಅಪಾಯದ್ದಾಗಿತ್ತು. ಇಂಥದ್ದಕ್ಕೆ ಬೇರೆ ಪರೀಕ್ಷೆಗಳು ಬೇಕು. ಎಲ್ಲವನ್ನೂ ಹಿಡಿಯಲ್ಲ ಅಂತ, ಹಿಡಿಯಬಹುದಾದದ್ದನ್ನೂ ಬಿಡೋದು ನ್ಯಾಯ ಅಲ್ಲ.

ಬಾಗಿಲು ನೀವೇ ಅರ್ಧ ತೆರೆದಿದ್ದೀರಿ. 2023ರ ಮಾರ್ಚ್‌ನಲ್ಲಿ ನಿಯಮಕ್ಕೆ ತಿದ್ದುಪಡಿ ತಂದು, ಪ್ರಾಣಿಗಳ ಬದಲು ಮನುಷ್ಯರ ಕೋಶ, ಚಿಪ್ ಅನ್ನೋ ಪುಟ್ಟ ಸಾಧನದ ಮೇಲೆ ಬೆಳೆಸಿದ ಅಂಗದ ಮಾದರಿ, ಕಂಪ್ಯೂಟರ್ ಲೆಕ್ಕ ಇವನ್ನೂ ಒಪ್ಪುತ್ತೀವಿ ಅಂದಿರಿ. ಅದನ್ನು ಓದಿ ನಮ್ಮ ವಿಭಾಗದಲ್ಲಿ ಎಲ್ಲರಿಗೂ ಖುಷಿಯಾಯಿತು. ಆದರೆ ಒಪ್ಪುತ್ತೀವಿ ಅನ್ನೋದು ಬೇರೆ, ತನ್ನಿ ಅನ್ನೋದು ಬೇರೆ.

ಇನ್ನು ಫಲಿತಾಂಶ ಜನರ ಕೈಗೆ ಸಿಗುವ ವಿಷಯ. 2009ರಿಂದ ದೇಶದ ಪ್ರತಿ ಕ್ಲಿನಿಕಲ್ ಟ್ರಯಲ್ಲೂ ಸರ್ಕಾರದ ಬಹಿರಂಗ ಟ್ರಯಲ್ ದಾಖಲೆಯಾದ ಸಿಟಿಆರ್‌ಐನಲ್ಲಿ ನೋಂದಣಿ ಆಗಲೇಬೇಕು. ಹಾಗೆಯೇ, ಆ ಔಷಧ ಬೇಡದ ಯಾವ ಗುರಿಗೆ ಎಷ್ಟು ಅಂಟಿತು ಅನ್ನೋ ಒಂದು ಪುಟದ ಸಾರಾಂಶವೂ ಅಲ್ಲೇ ಇರಲಿ. ಟ್ರಯಲ್‌ಗೆ ಸಹಿ ಹಾಕುವ ಸ್ವಯಂಸೇವಕರಿಗೆ ಅದನ್ನು ಅವರ ಭಾಷೆಯಲ್ಲಿ ಓದಿ ಹೇಳಲಿ. ನೈತಿಕ ಸಮಿತಿಯಲ್ಲಿ ಕೂರುವ ವಕೀಲರೂ ಸಮಾಜ ಸೇವಕರೂ ಅದನ್ನು ನೋಡಿ ಪ್ರಶ್ನೆ ಕೇಳಲಿ. ಪ್ರಯೋಗ ಅರ್ಧಕ್ಕೆ ನಿಂತ ಔಷಧಗಳ ಫಲಿತಾಂಶವೂ ಇರಲಿ, ಇನ್ನೊಬ್ಬರು ಅದೇ ಹಳ್ಳಕ್ಕೆ ಬೀಳದಿರಲಿ. ಗುಟ್ಟು ಬಯಲಾಗುತ್ತೆ ಅಂತ ಕಂಪನಿಗಳು ಗೊಣಗ್ತವೆ. ಔಷಧದ ರಚನೆ ಬೇಕಾದರೆ ಮುಚ್ಚಿಟ್ಟುಕೊಳ್ಳಲಿ, ಅದು ಹೃದಯಕ್ಕೆ ಏನು ಮಾಡುತ್ತೆ ಅನ್ನೋದನ್ನು ಮುಚ್ಚಿಡುವ ಹಕ್ಕು ಯಾರಿಗೂ ಇಲ್ಲ.

ಮಾರುಕಟ್ಟೆಗೆ ಬಂದ ಮೇಲೆ ಹಿಡಿಯೋಣ ಅಂದರೆ ಎಷ್ಟು ತಡ ಆಗುತ್ತೆ ಅಂತ ನಿಮಗೇ ಗೊತ್ತು. ಹರ್ಗ್ ಮುಚ್ಚುವ ಇನ್ನೊಂದು ಮಾತ್ರೆ ಸಿಸಾಪ್ರೈಡ್, ಎದೆಯುರಿಗೆ ಕೊಡ್ತಿದ್ದರು. ಅಮೆರಿಕದಲ್ಲಿ ಅದರ ಮಾರಾಟ ನಿಂತದ್ದು 2000ದಲ್ಲಿ, ನಮ್ಮಲ್ಲಿ ನಿಷೇಧ ಆದದ್ದು 2011ರ ಫೆಬ್ರುವರಿಯಲ್ಲಿ. ಅಷ್ಟು ವರ್ಷ ಅದು ನಮ್ಮ ಅಂಗಡಿಗಳ ಕಪಾಟಿನಲ್ಲಿತ್ತು. ಔಷಧದಿಂದ ತೊಂದರೆಯಾದರೆ ತಿಳಿಸೋಕೆ 1800-180-3024 ಅನ್ನೋ ಉಚಿತ ಸಹಾಯವಾಣಿ ಇದೆ. ಓದುಗರೇ, ನೀವೂ ಬರೆದಿಟ್ಟುಕೊಳ್ಳಿ, ಹೊಸ ಮಾತ್ರೆ ಶುರು ಮಾಡಿದ ಮೇಲೆ ಏನಾದರೂ ಎಡವಟ್ಟಾದರೆ ಮೊದಲು ಡಾಕ್ಟರಿಗೆ ಹೇಳಿ, ಆಮೇಲೆ ಅಲ್ಲಿಗೂ ತಿಳಿಸಿ. ಹಾಗಂತ ಭಯಪಟ್ಟು ನಡೀತಿರುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಮಾನ್ಯರೇ, 2019ರ ನಿಯಮಗಳ ಎರಡನೇ ಅನುಸೂಚಿಗೆ ಒಂದು ಪ್ಯಾರಾ ಸೇರಿಸಿದರೆ ಸಾಕು. ಮೊದಲ ಹಂತದ ಅರ್ಜಿಯ ಜೊತೆ ಕನಿಷ್ಠ ಗುರಿಗಳ ಪಟ್ಟಿಯ ಮೇಲಿನ ಫಲಿತಾಂಶ ಕಡ್ಡಾಯ, ಪಟ್ಟಿಯನ್ನು ತಜ್ಞರ ಸಮಿತಿ ಆಗಾಗ ಪರಿಷ್ಕರಿಸಬೇಕು, ಇಷ್ಟು. ಕರಡನ್ನು ಗೆಜೆಟ್‌ನಲ್ಲಿ ಪ್ರಕಟಿಸಿ, ಆಕ್ಷೇಪಣೆ ಕರೆಯಿರಿ. ಕಂಪನಿಗಳವರು ಬರೀತಾರೆ, ನಾವೂ ಬರೀತೀವಿ. ಕರಡು ಬಂದರೆ ನಮ್ಮ ಎಂ.ಫಾರ್ಮ್ ಮಕ್ಕಳನ್ನು ಕೂರಿಸಿಕೊಂಡು ಸಾಲು ಸಾಲಾಗಿ ಓದಿ, ಕೊಟ್ಟ ಗಡುವಿನೊಳಗೆ ನಮ್ಮ ಉತ್ತರ ಕಳಿಸ್ತೀವಿ.

ಇಂತಿ,
ದಾವಣಗೆರೆಯ ಒಬ್ಬ ಫಾರ್ಮಕಾಲಜಿ ಮೇಷ್ಟ್ರು